ಪ್ರಶ್ನಾಪಿಧಾನ ಮೀಮಾಂಸೆ ಅಥವಾ ಬೆಳ್ಳಂದೂರಿನ ದೇವದತ್ತನ ಪ್ರಶ್ನೆ ಮುಚ್ಚಿದ್ದು ಸರಿಯೇ?

ಈ ಗ್ರಂಥಕ್ಕೆ ಮಂಗಳಶ್ಲೋಕವಿಲ್ಲ. ಹಾಗೆಂದು ಗ್ರಂಥಕರ್ತರಿಗೆ ದೈವಭಕ್ತಿ ಕಡಿಮೆಯೆಂದು ಯಾರೂ ತಿಳಿಯಬಾರದು. ನಾವು ವ್ಯಾಖ್ಯಾನಿಸಲು ಹೊರಟಿರುವುದು ಸ್ಟ್ಯಾಕ್ ಓವರ್‌ಫ್ಲೋ ಎಂಬ, ಪ್ರೋಗ್ರಾಮು ಬರೆಯುವವರು ಜಾಲತಾಣದಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ವಿದ್ವತ್ಸಭೆಯನ್ನು. ಅಲ್ಲಿ ಪ್ರಶ್ನೆಯ ಮೊದಲಿಗೆ 'ಹಾಯ್' ಅಂತಲೋ 'ಹಲೋ' ಅಂತಲೋ ಬರೆದರೆ ಯಂತ್ರವೇ ಅದನ್ನು ಕತ್ತರಿಸಿಹಾಕುತ್ತದೆ. ಕೊನೆಯಲ್ಲಿ 'ಥ್ಯಾಂಕ್ಸ್' ಎಂದರೆ ಯಾರಾದರೂ ಪುಣ್ಯಾತ್ಮರು ಬಂದು ಅಳಿಸುತ್ತಾರೆ. ನಮಸ್ಕಾರವೇ ಕಸವೆಂದು ತೀರ್ಮಾನವಾದ ಕಡೆಗೆ ಗಣಪತಿಯನ್ನು ಕರೆದೊಯ್ದು ಅವಮಾನಿಸುವುದು ಬೇಡವೆಂದು ನೇರವಾಗಿ ವಿಷಯಕ್ಕೆ ಬಂದಿದ್ದೇವೆ.

ವಿಷಯ: ಪ್ರಶ್ನೆ ಕೇಳಿದವನನ್ನು ಉತ್ತರದಿಂದ ಕಾಪಾಡುವ ಬಗೆ. ಪ್ರಯೋಜನ: ಸಭೆಯ ಶುಚಿತ್ವ. ಸಂಬಂಧವನ್ನು ಮಾತ್ರ ತುಸು ವಿಸ್ತರಿಸಬೇಕು, ಏಕೆಂದರೆ ನಮ್ಮ ಸಂಶೋಧನೆ ಇರುವುದೇ ಅಲ್ಲಿ. ಈ ಸಭೆಯನ್ನು 2008ರಲ್ಲಿ ಜೆಫ್ ಅಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್‌ಕಿ ಸ್ಥಾಪಿಸಿದರೆಂದು ಲೋಕ ನಂಬಿದೆ. ಅವರು ಸ್ಥಾಪಿಸಿದ್ದು ಸಾಫ್ಟ್‌ವೇರನ್ನು ಮಾತ್ರ. ಪ್ರಶ್ನೆಯನ್ನು ಮುಚ್ಚುವ, ಅಂದರೆ ಅದಕ್ಕೆ ಇನ್ನು ಯಾರೂ ಉತ್ತರ ಬರೆಯದಂತೆ ಮಾಡುವ ಶಾಸ್ತ್ರವನ್ನು ಅದಕ್ಕೂ ಒಂಬೈನೂರು ವರ್ಷ ಮೊದಲೇ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಬರೆದಿಟ್ಟಿದ್ದಾನೆ. ಅವನ 'ಮಿತಾಕ್ಷರಾ' ಎಂದರೆ ನಮ್ಮವರಿಗೆ ಅಣ್ಣತಮ್ಮಂದಿರ ಆಸ್ತಿ ಪಾಲಿನ ವ್ಯಾಜ್ಯವಷ್ಟೇ ನೆನಪಾಗುತ್ತದೆ. ಅದೇ ಗ್ರಂಥದಲ್ಲಿ ವ್ಯಾಜ್ಯ ನಡೆಸುವ ಕ್ರಮವನ್ನು ಹೇಳುವ ಭಾಗವನ್ನು ತಿರುವಿ ನೋಡುವ ತಾಳ್ಮೆ ಯಾರಿಗೂ ಇಲ್ಲ. ಅದರಲ್ಲಿ ಪಾಲು ಸಿಗುವುದಿಲ್ಲವಲ್ಲ.

ಅಧಿಕಾರಿ ಪ್ರಕರಣ

ಯಾರು ಪ್ರಶ್ನೆ ಕೇಳಬಹುದು? ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಸಮಿತ್ತು ಹಿಡಿದು ಪಿಪ್ಪಲಾದರ ಹತ್ತಿರ ಬಂದಾಗ, ಒಂದು ವರ್ಷ ಇಲ್ಲಿದ್ದು ತಪಸ್ಸು ಮಾಡಿ, ಆಮೇಲೆ ಕೇಳಿ, ಗೊತ್ತಿದ್ದರೆ ಹೇಳುತ್ತೇನೆ ಎಂದರು ಆ ಋಷಿಗಳು. ಆ 'ಗೊತ್ತಿದ್ದರೆ'ಯನ್ನು ಗಮನಿಸಬೇಕು. ಬೃಹದಾರಣ್ಯಕದ ಗಾರ್ಗಿಯ ಪ್ರಸಂಗ ಇನ್ನೂ ಸ್ಪಷ್ಟ. ಇದು ಯಾವುದರಲ್ಲಿ ಹಾಸುಹೊಕ್ಕಾಗಿದೆ, ಅದು ಯಾವುದರಲ್ಲಿ ಎಂದು ಅವಳು ಒಂದರ ಮೇಲೊಂದು ಕೇಳುತ್ತಾ ಹೋದಾಗ, ಅತಿಯಾಗಿ ಕೇಳಬೇಡ, ತಲೆ ಉರುಳೀತು ಎಂದು ಯಾಜ್ಞವಲ್ಕ್ಯ ತಡೆದ. ಪ್ರಶ್ನೆಯ ವ್ಯಾಪ್ತಿ ಮಿತಿಮೀರಿದ್ದಕ್ಕೆ ಮುಚ್ಚಲಾಯಿತು ಎಂದು ಅರ್ಥ. ಗಾರ್ಗಿ ಅಳುತ್ತಾ ಕೂರಲಿಲ್ಲ. ಸಭೆಯ ಒಪ್ಪಿಗೆ ಪಡೆದು, ಎರಡೇ ಪ್ರಶ್ನೆಗೆ ಇಳಿಸಿಕೊಂಡು ಮತ್ತೆ ಎದ್ದು ನಿಂತಳು, ಉತ್ತರವೂ ಸಿಕ್ಕಿತು. ಎಡಿಟ್ ಮಾಡಿ ರೀಓಪನ್ ಮಾಡಿಸಿಕೊಂಡ ಪ್ರಸಂಗಗಳಲ್ಲಿ ಇದಕ್ಕಿಂತ ಹಳೆಯದು ನಮ್ಮ ಗಮನಕ್ಕೆ ಬಂದಿಲ್ಲ.

ಸ್ಟ್ಯಾಕ್ ಓವರ್‌ಫ್ಲೋದಲ್ಲಿ ವರ್ಷಗಟ್ಟಲೆ ತಪಸ್ಸಿನ ಬದಲು ಅಂಕಗಳಿವೆ. ಬೇರೆಯವರ ಬರಹವನ್ನು ಮೆಚ್ಚಲು 15 ಅಂಕ ಬೇಕು, ಅದರ ಕೆಳಗೆ ಒಂದು ಮಾತು ಬರೆಯಲು 50, ತೆಗಳಲು 125. ಪ್ರಶ್ನೆ ಮುಚ್ಚಲು ಓಟು ಹಾಕಬೇಕಾದರೆ 3000. ಆದರೆ ಪೂರ್ತಿ ಉತ್ತರವನ್ನೇ ಬರೆದುಬಿಡಲು ಯಾವ ಗಳಿಕೆಯೂ ಬೇಡ. 'ನಿಮ್ಮ ಉತ್ತರದ ಮೂರನೇ ಸಾಲು ಅರ್ಥವಾಗಲಿಲ್ಲ ಸಾರ್' ಎನ್ನಲು ಯೋಗ್ಯತೆಯಿಲ್ಲದವನು ಅದರ ಪಕ್ಕದಲ್ಲೇ ತನ್ನದೊಂದು ಉತ್ತರ ಬರೆಯಬಹುದು. ಇದರ ತರ್ಕವನ್ನು ನಾವು ಬಹಳ ಚಿಂತಿಸಿದೆವು. ಸಂದೇಹಪಡಲು ಉತ್ತರಿಸುವುದಕ್ಕಿಂತ ಹೆಚ್ಚು ತಿಳಿವಳಿಕೆ ಬೇಕು ಎಂಬುದೇ ಇದರ ಗೂಢಾರ್ಥವಿರಬೇಕು.

ಪಕ್ಷಾಭಾಸ ಪ್ರಕರಣ

ಈಗ ನಮ್ಮ ನಾಯಕನನ್ನು ಪರಿಚಯಿಸುತ್ತೇವೆ. ಶಾಸ್ತ್ರಗಳಲ್ಲಿ ಉದಾಹರಣೆಗೆಂದು ಯಾರನ್ನಾದರೂ ತರಬೇಕಾದರೆ ಬರುವವನು ದೇವದತ್ತ. ಇವತ್ತು ಅವನು ಬೆಳ್ಳಂದೂರಿನ ಪಿಜಿಯೊಂದರಲ್ಲಿದ್ದಾನೆ. ರಾತ್ರಿ ಹನ್ನೆರಡಾಗಿದೆ, ಬೆಳಿಗ್ಗೆ ಡೆಮೋ ಇದೆ, ಪ್ರೋಗ್ರಾಮು ಓಡುತ್ತಿಲ್ಲ.

ವಾದಿಯು ರಾಜಸಭೆಗೆ ಬಂದರೆ ಅವನ ದೂರನ್ನು ವರ್ಷ, ಮಾಸ, ಪಕ್ಷ, ದಿನ, ಹೆಸರು ಸಮೇತ ಬರೆದುಕೊಳ್ಳಬೇಕೆಂದು, ಮಿತಾಕ್ಷರಾ ಯಾವುದರ ವ್ಯಾಖ್ಯಾನವೋ ಆ ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ, ಎರರ್ ಮೆಸೇಜಿನ ಪೂರ್ಣ ಪಾಠ ಏನು ಎಂದು ಇಂದಿನ ಸಭೆ ಕೇಳುವುದೂ ಇದನ್ನೇ. ದೇವದತ್ತ ಬರೆದದ್ದು ಇಷ್ಟು: 'ಕೋಡ್ ವರ್ಕ್ ಆಗ್ತಿಲ್ಲ, ಅರ್ಜೆಂಟ್.' ಜೊತೆಗೆ ಮೊಬೈಲಿನಲ್ಲಿ ತೆಗೆದ ಸ್ಕ್ರೀನಿನ ಫೋಟೋ, ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ.

ಸಭೆಯಿಂದ ಹೊರಹಾಕಬೇಕಾದ ದೂರುಗಳನ್ನು ವಿಜ್ಞಾನೇಶ್ವರ ಪಕ್ಷಾಭಾಸ ಎಂದು ಕರೆದು ಆರು ಬಗೆ ಮಾಡುತ್ತಾನೆ. ಅವನ ಉದಾಹರಣೆಗಳ ಮುಂದೆ ಸ್ಟ್ಯಾಕ್ ಓವರ್‌ಫ್ಲೋದ ಮಾಡರೇಟರುಗಳ ವಿವರಣೆಗಳು ಸಪ್ಪೆ. ನನ್ನ ಮೊಲದ ಕೊಂಬನ್ನು ತೆಗೆದುಕೊಂಡು ವಾಪಸು ಕೊಡುತ್ತಿಲ್ಲ ಎಂಬ ದೂರು 'ಅಪ್ರಸಿದ್ಧ'. ಲೈಬ್ರರಿಯಲ್ಲಿ ಇಲ್ಲವೇ ಇಲ್ಲದ ಫಂಕ್ಷನ್ನಿನ ಹೆಸರನ್ನು ತಪ್ಪು ಕಾಗುಣಿತದಲ್ಲಿ ಬರೆದು, ಅದು ಏಕೆ ಓಗೊಡುತ್ತಿಲ್ಲ ಎಂದು ಕೇಳುವವನ ಕೈಯಲ್ಲೂ ಇರುವುದು ಅದೇ ಕೊಂಬು. ನಮ್ಮ ಮನೆಯ ದೀಪದ ಬೆಳಕಿನಲ್ಲಿ ಪಕ್ಕದವನು ತನ್ನ ಕೆಲಸ ಮಾಡಿಕೊಳ್ಳುತ್ತಾನೆ ಎಂಬುದು 'ನಿರಾಬಾಧ': ಯಾರಿಗೂ ತೊಂದರೆಯಿಲ್ಲ, ಆದರೂ ದೂರು. ಸರಿಯಾಗಿ ಓಡುವ ಕೋಡನ್ನು ತಂದು ಇನ್ನೂ ಚೆನ್ನಾಗಿ ಬರೆಯಬಹುದೇ ಎಂದು ಕೇಳುವವರು ಈ ವರ್ಗ. ಅವರಿಗಾಗಿ ಕೋಡ್ ರಿವ್ಯೂ ಎಂಬ ಬೇರೆ ಸಭೆಯನ್ನೇ ಕಟ್ಟಿ ಅತ್ತ ಸಾಗಹಾಕುತ್ತಾರೆ. ಬರೀ ಕಚಟತಪ ಎಂದು ಅಕ್ಷರ ಉದುರಿಸಿದರೆ 'ನಿರರ್ಥ'. ನಾನೂರು ಸಾಲಿನ ಲಾಗನ್ನು ತಂದು ಸುರಿದು, ಒಂದು ಮಾತನ್ನೂ ಹೇಳದೆ ಕೂರುವವನನ್ನು ನೋಡಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

'ನಿಷ್ಪ್ರಯೋಜನ'ಕ್ಕೆ ಕೊಟ್ಟ ಉದಾಹರಣೆಯಲ್ಲಿ ನಮ್ಮ ದೇವದತ್ತನೇ ಇದ್ದಾನೆ: ಅವನು ನಮ್ಮ ಮನೆಯ ಹತ್ತಿರ ಇಂಪಾದ ದನಿಯಲ್ಲಿ ಪಾಠ ಓದಿಕೊಳ್ಳುತ್ತಾನೆ ಎಂಬ ದೂರು. ಇದ್ದರೇನು? ಟ್ಯಾಬ್ ಮೇಲೋ ಸ್ಪೇಸ್ ಮೇಲೋ ಎಂಬ ಜಗಳವೂ ಹೀಗೆಯೇ, 'ಅಭಿಪ್ರಾಯಾಧಾರಿತ' ಎಂಬ ಚೀಟಿ ಅಂಟಿಸಿ ಅದನ್ನು ಮುಚ್ಚುತ್ತಾರೆ. ದೇವದತ್ತ ಹುಬ್ಬೇರಿಸಿ ನನ್ನನ್ನು ನೋಡಿ ನಕ್ಕ ಎಂಬುದು 'ಅಸಾಧ್ಯ', ಏಕೆಂದರೆ ನಗು ಹೋಯಿತು, ಹುಬ್ಬು ಕೆಳಗಿಳಿಯಿತು, ಸಾಕ್ಷಿಯಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಎರರ್ ಬಂದೇ ಇಲ್ಲ, ಮರುಸೃಷ್ಟಿಸಲು ಆಗುತ್ತಿಲ್ಲ ಎಂದು ಸಭೆ ಹೇಳಿದಾಗ ಬೆಳ್ಳಂದೂರಿನಲ್ಲಿ ಕಂಪೈಲರು ಹುಬ್ಬೇರಿಸುತ್ತಿರುತ್ತದೆ. ಮೂಗ ನನ್ನನ್ನು ಬೈದ ಎಂಬುದು 'ವಿರುದ್ಧ'. ಇದರ ಆಧುನಿಕ ರೂಪಗಳನ್ನು ವಿಸ್ತರಭಯದಿಂದ ಬಿಟ್ಟಿದ್ದೇವೆ.

ಇನ್ನು ಡೂಪ್ಲಿಕೇಟ್, ಅಂದರೆ ಹಿಂದೆ ಕೇಳಿದ್ದನ್ನೇ ಮತ್ತೆ ಕೇಳಿದ ಪ್ರಶ್ನೆ. ಈ ಸಂಗತಿ ಹಿಂದೆಯೇ ತೀರ್ಮಾನವಾಗಿದೆ, ನೀನು ಆಗಲೇ ಸೋತಿದ್ದೀಯೆ ಎಂದು ಪ್ರತಿವಾದಿ ಹೇಳುವುದನ್ನು ಧರ್ಮಶಾಸ್ತ್ರ 'ಪ್ರಾಙ್ನ್ಯಾಯ' ಎಂದು ನಾಲ್ಕು ಬಗೆಯ ಉತ್ತರಗಳಲ್ಲಿ ಒಂದಾಗಿ ಎಣಿಸುತ್ತದೆ. ಇಂದಿನ ಸಭೆಯಲ್ಲಿ ಪ್ರಶ್ನೆ ಮುಚ್ಚಲು ಮೊದಲು ಐದು ಓಟು ಬೇಕಿತ್ತು, 2019ರಲ್ಲಿ ಮೂರಕ್ಕೆ ಇಳಿಸಿದರು. ಆದರೆ ಪ್ರಾಙ್ನ್ಯಾಯದ ಮಹಿಮೆ ಎಷ್ಟೆಂದರೆ, ಆ ವಿಷಯದಲ್ಲಿ ಚಿನ್ನದ ಬಿಲ್ಲೆ ಪಡೆದವರು ಒಬ್ಬರೇ ಒಂದೇ ಏಟಿಗೆ ಮುಚ್ಚಬಹುದು. ಈ ಅಸ್ತ್ರಕ್ಕೆ ಅಲ್ಲಿನವರ ಹೆಸರು ಡೂಪ್ ಹ್ಯಾಮರ್. ಹಳೆಯ ಪ್ರಶ್ನೆಯ ಉತ್ತರ ಹಳೆಯ ಆವೃತ್ತಿಯದು, ಈಗ ನಡೆಯುವುದಿಲ್ಲ ಎಂದು ದೇವದತ್ತ ಗೊಣಗಬಹುದು. ಗೊಣಗಲು 50 ಅಂಕ ಬೇಕೆಂದು ಆಗಲೇ ಹೇಳಿದ್ದೇವೆ. ತನ್ನ ಪ್ರಶ್ನೆಯ ಕೆಳಗೆ ಗೊಣಗಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಪೂರ್ವಪಕ್ಷ

ಕೆಲವರು ಆಕ್ಷೇಪಿಸುತ್ತಾರೆ: ಸರಿಯಾಗಿ ಕೇಳಲು ಬರುವವನಿಗೆ ಕೇಳುವ ಅಗತ್ಯವೇ ಬೀಳುವುದಿಲ್ಲ, ದೋಷ ಎಲ್ಲಿದೆಯೆಂದು ಗೊತ್ತಿದ್ದರೆ ಅವನೇ ತಿದ್ದಿಕೊಳ್ಳುತ್ತಿದ್ದ, ಗೊತ್ತಿಲ್ಲದವನನ್ನೇ ಹೊರಗಟ್ಟಿದರೆ ಸಭೆ ಯಾರಿಗಾಗಿ? ಸಭೆಯನ್ನು ನಡೆಸುವ ಸಂಸ್ಥೆಯೂ ಒಮ್ಮೆ ಈ ದೌರ್ಬಲ್ಯಕ್ಕೆ ಒಳಗಾಗಿ, ನಮ್ಮಲ್ಲಿ ಹೊಸಬರಿಗೆ ಸ್ವಾಗತ ಸಾಲದು ಎಂದು 2018ರ ಏಪ್ರಿಲಿನಲ್ಲಿ ಬಹಿರಂಗವಾಗಿ ಬರೆದುಕೊಂಡಿತು.

ಸಿದ್ಧಾಂತವೆಂದರೆ, ಆಕ್ಷೇಪದ ಪೂರ್ವಾರ್ಧ ನಮಗೆ ಪೂರ್ತಿ ಸಮ್ಮತ. ಉತ್ತರ ಗೊತ್ತಿರುವವನೇ ನಿರ್ದುಷ್ಟ ಪ್ರಶ್ನೆ ಕೇಳಬಲ್ಲ. ಆದ್ದರಿಂದ ಉತ್ತರ ಗೊತ್ತಿರುವವರೇ ಕೇಳಬೇಕು. ಸಭೆ ಇದನ್ನು ಬಾಯಿಮಾತಿಗೆ ಬಿಟ್ಟಿಲ್ಲ. ಪ್ರಶ್ನೆ ಬರೆಯುವ ಪುಟದಲ್ಲೇ ನಿಮ್ಮ ಪ್ರಶ್ನೆಗೆ ನೀವೇ ಉತ್ತರಿಸುವ ಸೌಲಭ್ಯವಿಟ್ಟು, ಹಾಗೆ ಮಾಡಿ ಮೆಚ್ಚುಗೆ ಪಡೆದವರಿಗೆ ಬಿಲ್ಲೆಯನ್ನೂ ಕೊಡುತ್ತಾರೆ.

ವಿಮ್ ಎಡಿಟರಿನಿಂದ ಹೊರಬರುವುದು ಹೇಗೆ ಎಂಬ 2012ರ ಎಳಸು ಪ್ರಶ್ನೆಯನ್ನು 2017ರ ಹೊತ್ತಿಗೆ ಹತ್ತು ಲಕ್ಷ ಸಲ ಜನ ನೋಡಿದ್ದರಲ್ಲ, ಅದನ್ನೇಕೆ ಉಳಿಸಿಕೊಂಡಿರಿ ಎಂದರೆ, ಹೊರಗೆ ಹೋಗುವ ದಾರಿ ಕೇಳಿದವನನ್ನು ಯಾವ ಸಭೆ ತಾನೆ ತಡೆದೀತು?

ಉತ್ತರಕ್ರಿಯಾ ಪ್ರಕರಣ

ಮುಚ್ಚಿದ ಪ್ರಶ್ನೆಗೆ ಮೆಚ್ಚುಗೆ ಬಾರದೆ, ಉತ್ತರವಿಲ್ಲದೆ, ತಿದ್ದುಪಡಿಯೂ ಆಗದೆ ಒಂಬತ್ತು ದಿನ ಕಳೆದರೆ ರೂಂಬಾ ಎಂಬ ಯಂತ್ರ ಬಂದು ಗುಡಿಸಿಕೊಂಡು ಹೋಗುತ್ತದೆ. ನಮ್ಮಲ್ಲಿ ಹನ್ನೊಂದಕ್ಕೆ ಶುದ್ಧಿ; ಎರಡು ದಿನ ಉಳಿತಾಯ. ಮುಚ್ಚುವಷ್ಟು ಕುತೂಹಲವನ್ನೂ ಯಾರಲ್ಲೂ ಹುಟ್ಟಿಸದೆ ವಾರವಿಡೀ ಬಿದ್ದಿದ್ದ ಪ್ರಶ್ನೆಯ ಒಡೆಯನಿಗೆ ಟಂಬಲ್‌ವೀಡ್ ಎಂಬ ಬಿಲ್ಲೆ ಸಲ್ಲುತ್ತದೆ. ಮರಣೋತ್ತರ ಪ್ರಶಸ್ತಿಗಳಲ್ಲಿ ಇಷ್ಟು ಬೇಗ ಕೈಗೆ ಸಿಗುವುದು ಬೇರೊಂದಿಲ್ಲ.

ಪ್ರಳಯ ಪ್ರಕರಣ

2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. ಅದು ಯಾವ ಪ್ರಶ್ನೆಯನ್ನೂ ದಡ್ಡ ಪ್ರಶ್ನೆಯೆಂದು ಮುಚ್ಚುವುದಿಲ್ಲ, ಹುಬ್ಬೇರಿಸುವುದಿಲ್ಲ, ಹಾಯ್ ಎಂದರೆ ತಾನೂ ಹಾಯ್ ಎನ್ನುತ್ತದೆ. ಮೊಲದ ಕೊಂಬು ಕಳೆದಿದೆ ಎಂದರೆ ಕೊಂಬಿನ ಉದ್ದ, ಬಣ್ಣ, ಮರಳಿ ಪಡೆಯುವ ವಿಧಾನಗಳನ್ನು ಸವಿನಯವಾಗಿ ವಿವರಿಸಿದರೂ ಆಶ್ಚರ್ಯವಿಲ್ಲ. ಆ ಯಂತ್ರದಿಂದ ಬರೆಸಿದ ಉತ್ತರಗಳನ್ನು ಸಭೆ ಡಿಸೆಂಬರಿನಲ್ಲೇ ನಿಷೇಧಿಸಿತು. ಅಂಥ ಉತ್ತರಗಳನ್ನು ಅಳಿಸುವ ಅಧಿಕಾರಕ್ಕೆ ಸಂಸ್ಥೆ ಕತ್ತರಿ ಹಾಕಿದಾಗ 2023ರ ಜೂನಿನಲ್ಲಿ ಮಾಡರೇಟರುಗಳು ಮುಷ್ಕರ ಹೂಡಿದರು. ಸಂಬಳವೇ ಇಲ್ಲದ ಕೆಲಸಕ್ಕೆ ಹೂಡಿದ ಮುಷ್ಕರವಾದ್ದರಿಂದ ಸಂಬಳ ಕಡಿತದ ಭಯವಿರಲಿಲ್ಲ. ಇತ್ತ ದೇವದತ್ತ ರಾತ್ರಿ ಹನ್ನೆರಡಕ್ಕೆ ಯಂತ್ರದ ಮುಂದೆ ಕೂತ. ಅವನಂಥವರೆಲ್ಲ ಅತ್ತ ಹೋದರು. ಹೊಸ ಪ್ರಶ್ನೆಗಳ ಹೊಳೆ ಇಳಿಯುತ್ತಾ ಬಂತು.

ಇದನ್ನು ಅವನತಿ ಎನ್ನುವವರು ಶಾಸ್ತ್ರ ಓದಿಲ್ಲ. ಪ್ರಶ್ನೆಯೇ ಬಾರದ ಕಡೆ ಅಪ್ರಸಿದ್ಧ ಪ್ರಶ್ನೆ ಎಲ್ಲಿಂದ ಬರಬೇಕು, ನಿರರ್ಥ ಯಾವುದು, ಡೂಪ್ಲಿಕೇಟ್ ಯಾವುದಕ್ಕೆ? ಹದಿನೈದು ವರ್ಷ ಗುಡಿಸಿದ್ದು ಈ ಅಂಗಳಕ್ಕಾಗಿಯೇ.

ಈ ಮೀಮಾಂಸೆಯ ಬಗ್ಗೆ ಓದುಗರಿಗೆ ಆಕ್ಷೇಪಗಳಿದ್ದರೆ ವರ್ಷ, ಮಾಸ, ಪಕ್ಷ, ದಿನ ನಮೂದಿಸಿ, ದೋಷವನ್ನು ಮರುಸೃಷ್ಟಿಸುವ ವಿಧಾನದೊಂದಿಗೆ ಕಳಿಸಬಹುದು. ಫೋಟೋ ಬೇಡ. ಮೊದಲಿಗೆ 'ಮಾನ್ಯರೇ' ಎಂದಿದ್ದರೆ ನಾವೇ ತೆಗೆದುಹಾಕುತ್ತೇವೆ.