ಇದರ ಬ್ರೆಡ್ ಆಗ್ತದೇನ್ರಿ?

ಗೋಧಿ ತಳಿಗಳ ಅರ್ಜಿ ತಗೊಳ್ಳುವ, ಅಂಕ ಹಾಕುವ, ಸಹಿ ಮಾಡುವ ಮತ್ತು ಸಹಿ ಮಾಡುವವರು ಇವತ್ತು ರಜೆ ಎಂದು ತಿಳಿಸುವ ಸಮಸ್ತ ಹಿರಿಯರಿಗೆ,

ಸಾಷ್ಟಾಂಗ ನಮಸ್ಕಾರ. ನಿನ್ನೆ ದಿನವಿಡೀ ನಿಮ್ಮ ಬಾಗಿಲಿನ ಬೆಂಚಿನ ಮೇಲೆ ಕೂತು ಬಂದದ್ದರಿಂದ ಸೊಂಟ ಬಗ್ಗುತ್ತಿಲ್ಲ. ಸಾಷ್ಟಾಂಗವನ್ನು ಕಾಗದದ ಮೇಲೆಯೇ ಸ್ವೀಕರಿಸಬೇಕು.

ನಮ್ಮ ಹೊಲದ ಕಪ್ಲಿ ಗೋಧಿಯನ್ನು ರೈತರ ತಳಿ ಎಂದು ನೋಂದಣಿ ಮಾಡಿಸಲು ಬಂದಿದ್ದೆ. ದೂರುಗಳೇನೂ ಕಡಿಮೆ ಇರಲಿಲ್ಲ. ಫಾರ್ಮು ಇಂಗ್ಲಿಷಿನಲ್ಲಿತ್ತು. ಅದರ ಮೇಲೆ ಇನ್ನೊಂದು ಸಹಿ ಬೇಕು ಎಂದರು ಒಬ್ಬರು, ಬೇಡ ಎಂದರು ಇನ್ನೊಬ್ಬರು. ಫ್ಯಾನು ಸಾಹೇಬರ ಕಡೆಗೆ ಮಾತ್ರ ತಿರುಗುತ್ತಿತ್ತು. ಇವನ್ನೆಲ್ಲ ಸಾವಕಾಶ ಬರೆಯಬೇಕೆಂದಿದ್ದೆ, ಆದರೆ ಈಗ ಯಾವುದೂ ನೆನಪಿಗೆ ಬರುತ್ತಿಲ್ಲ. ಊಟ ಮುಗಿಸಿ ಬಂದ ನಿಮ್ಮ ಸಿಬ್ಬಂದಿಯೊಬ್ಬರು ನನ್ನ ಚೀಲದ ಬಾಯಿ ಬಿಚ್ಚಿ, ನಾಕು ಕಾಳು ಅಂಗೈಯಲ್ಲಿ ಉರುಳಿಸಿ, "ಯಜಮಾನ್ರ, ಇದರ ಬ್ರೆಡ್ ಆಗ್ತದೇನ್ರಿ?" ಎಂದು ಕೇಳಿದರಲ್ಲ, ಉಳಿದದ್ದೆಲ್ಲ ಅದರಲ್ಲೇ ಮುಳುಗಿಹೋಯಿತು.

ಆಗೋದಿಲ್ಲ ಸಾಹೇಬ್ರ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಈ ಗೋಧಿಯನ್ನು ಬ್ರೆಡ್ಡಿಗೆಂದು ಯಾರೂ ಬಿತ್ತಿಲ್ಲ. ಇದರ ಹುಗ್ಗಿ ಆಗ್ತದ. ಕುಟ್ಟಿ ಸಿಪ್ಪೆ ಬಿಡಿಸಿ, ನೆನೆಸಿ, ಬೆಲ್ಲ ಹಾಕಿ ಕುದಿಸಿದರೆ ಕಾಳು ಮೆತ್ತಗಾಗ್ತದ, ಆದರೆ ಕರಗಿ ಗಂಜಿ ಆಗೋದಿಲ್ಲ. ಜಾತ್ರೆಯ ಹುಗ್ಗಿ ಮರುದಿನ ಮುಂಜಾನೆಯೂ ತಿನ್ನುವಂತೆ ಇರ್ತದ. ಇಷ್ಟನ್ನೂ ಹೇಳಿದೆ. "ಹಂಗಾದ್ರ ವಿಶೇಷ ಗುಣ ಅಂತ ಏನ್ ಬರೀಲಿ?" ಎಂದರು. "ಹುಗ್ಗಿ ಅಂತ ಬರೀರಿ" ಎಂದೆ. ನಕ್ಕರು. ಬರೆಯಲಿಲ್ಲ.

ಊರಿಗೆ ಬಂದು ಮಗನಿಂದ ಕಾಯ್ದೆ ಓದಿಸಿದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001. ತಳಿ ಬೇರೆ ತಳಿಗಿಂತ ಭಿನ್ನವಾಗಿದೆಯೇ, ಗಿಡಗಳೆಲ್ಲ ಒಂದೇ ತೆರನಾಗಿವೆಯೇ, ವರ್ಷದಿಂದ ವರ್ಷಕ್ಕೆ ಹಾಗೆಯೇ ಉಳಿಯುತ್ತದೆಯೇ, ನೋಂದಣಿಗೆ ನೋಡುವುದು ಇಷ್ಟನ್ನೇ. ಅದಕ್ಕಾಗಿ ತೆನೆಯ ಮೀಸೆಯ ಉದ್ದ ಅಳೆಯುತ್ತಾರೆ, ಬಣ್ಣ ನೋಡುತ್ತಾರೆ, ತುದಿ ಎಲೆ ನೆಟ್ಟಗಿದೆಯೋ ಬಾಗಿದೆಯೋ ನೋಡುತ್ತಾರೆ. ಒಳ್ಳೆಯದು. ರೈತರ ತಳಿಗೆ ಶುಲ್ಕವಿಲ್ಲ ಎಂದೂ ಇದೆ, ಅದೂ ಒಳ್ಳೆಯದು. ಬ್ರೆಡ್ ಆಗಬೇಕು ಎಂಬ ಮಾತು ಮಾತ್ರ ಎಲ್ಲಿಯೂ ಸಿಗಲಿಲ್ಲ. ಮಗ ಎರಡನೇ ಸಲ ಓದಿದ. ಇಲ್ಲ. ಕಾಯ್ದೆ ಕೇಳದ್ದನ್ನು ನೀವು ಯಾರ ಪರವಾಗಿ ಕೇಳಿದಿರಿ?

ಎಲ್ಲಿಂದ ಬಂತು ಆ ಬ್ರೆಡ್ಡು ಎಂಬುದು ನನಗೆ ಗೊತ್ತಿದೆ. ಅದು ಪಕ್ಕದ ಬಾಗಿಲಿನದು. ತಳಿ ಬಿಡುಗಡೆಯಾಗಿ 1966ರ ಬೀಜ ಕಾಯ್ದೆಯಡಿ ಅಧಿಸೂಚನೆ ಆಗಬೇಕಾದರೆ ಅಖಿಲ ಭಾರತ ಪ್ರಯೋಗಗಳಲ್ಲಿ ವರ್ಷಗಟ್ಟಲೆ ಪಾಸಾಗಬೇಕು. ಅಲ್ಲಿ ಕಾಳು ಕರ್ನಾಲಿನ ಪ್ರಯೋಗಾಲಯಕ್ಕೆ ಹೋಗುತ್ತದೆ. ಚಪಾತಿ ಸುಟ್ಟು ಹತ್ತಕ್ಕೆ ಇಷ್ಟು ಅಂಕ ಎನ್ನುತ್ತಾರೆ. ಹರಿಯಾಣದ ಸಿ 306 ಎಂಬ ಎತ್ತರದ ಹಳೆಯ ಗೋಧಿ ಇಳುವರಿಯಲ್ಲಿ ಹಿಂದೆ ಬಿದ್ದರೂ ಚಪಾತಿಯ ಮಾತು ಬಂದರೆ ಇಂದಿಗೂ ಅದರದೇ ಹೆಸರು. ಬಿಸ್ಕತ್ತು ಬೇಯಿಸಿ ಅದು ಎಷ್ಟು ಅಗಲ ಹರಡಿತು, ಎಷ್ಟು ದಪ್ಪ ನಿಂತಿತು ಎಂದು ಅಳೆದು ಭಾಗಿಸುತ್ತಾರೆ. ಬ್ರೆಡ್ಡನ್ನು ಪೆಟ್ಟಿಗೆಯಲ್ಲಿಟ್ಟು ಸುತ್ತ ಸಾಸಿವೆಯಂಥ ಕಾಳು ಸುರಿದು, ಹೊರಗುಳಿದ ಕಾಳೆಷ್ಟು ಎಂಬುದರಿಂದ ಅದರ ಗಾತ್ರ ಹೇಳುವ ಕ್ರಮವೂ ಉಂಟು. ಇಷ್ಟು ಕಷ್ಟಪಟ್ಟು ಅಳೆಯುವವರ ಮೇಲೆ ನನಗೆ ಗೌರವವೇ ಇದೆ. ಆದರೆ ಹುಗ್ಗಿಗೆ ಇವರ ಹತ್ತಿರ ಒಂದು ಸೌಟೂ ಇಲ್ಲವೇ?

ಕೇಂಬ್ರಿಜ್‌ನ ಪೀಟರ್ ಪೇಯ್ನ್ ಮತ್ತು ಸಂಗಡಿಗರು 1987ರಲ್ಲಿ ಬ್ರಿಟನ್ನಿನ ಗೋಧಿಯ ಬ್ರೆಡ್ ಗುಣವನ್ನು ಅದರ ಗ್ಲುಟೆನಿನ್ ಪ್ರೋಟೀನಿನಿಂದ ಲೆಕ್ಕ ಹಾಕುವ ದಾರಿ ತೋರಿಸಿದರು. ಹತ್ತು ಅಂಕದ ಲೆಕ್ಕ. ಅದರಲ್ಲಿ ನಾಲ್ಕು ಅಂಕ 'ಡಿ' ಎಂಬ ವರ್ಣತಂತುಗಳ ಗುಂಪಿಗೆ ಸೇರಿದ್ದು. ಬ್ರೆಡ್ ಗೋಧಿಗೆ 42 ವರ್ಣತಂತು, ಕಪ್ಲಿಗೆ 28. ಆ 'ಡಿ' ಒಂದು ಕಾಡು ಹುಲ್ಲಿನಿಂದ ಬಂದದ್ದು. ನಮ್ಮ ಗೋಧಿಗೆ ಆ ಬೀಗತನ ಕೂಡಿಬರಲಿಲ್ಲ. ಅಂದರೆ ಈ ಲೆಕ್ಕದಲ್ಲಿ ಅದು ಹುಟ್ಟುವಾಗಲೇ ನಾಲ್ಕು ಅಂಕ ಕಳಕೊಂಡು ಹುಟ್ಟಿದೆ. ಪಾಪ, ಪೇಯ್ನ್ ಅವರದೇನೂ ತಪ್ಪಿಲ್ಲ. ಅವರು ಬ್ರೆಡ್ ತಿನ್ನುವ ನಾಡಿಗೆ ಬ್ರೆಡ್ಡಿನ ಲೆಕ್ಕ ಹಾಕಿದರು. ಹುಗ್ಗಿ ತಿನ್ನುವ ನಾಡಿನ ಮೇಜಿನ ಹಿಂದೆ ಕೂತು "ಬ್ರೆಡ್ ಆಗ್ತದೇನ್ರಿ" ಎಂದದ್ದು ನೀವು.

ಕಪ್ಲಿಗೆ ಬೇರೆ ಪಂಕ್ತಿಯಲ್ಲಿ ಪ್ರಯೋಗ ನಡೆಯುತ್ತದೆ ಎಂದು ತಿದ್ದಲು ಬರಬೇಡಿ, ಅದೂ ಗೊತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ಕಪ್ಲಿಗಳನ್ನು ಕೊಟ್ಟಿದ್ದಾರೆ, ಒಳ್ಳೆಯ ಕೆಲಸ. ನಮ್ಮ ಎತ್ತರದ ಕಪ್ಲಿ ಗಾಳಿಮಳೆಗೆ ಮಲಗಿಬಿಡುತ್ತದೆ, ಅವು ನಿಲ್ಲುತ್ತವೆ. ಆದರೆ ಗಿಡ ನಿಂತಿತು, ಪ್ರೋಟೀನು ಇಷ್ಟು, ಕಾಳಿನ ತೂಕ ಇಷ್ಟು ಎಂದಾದ ಮೇಲೆ ಪಾತ್ರೆಗೆ ಹಾಕಿ ನೋಡಿದವರ್ಯಾರು? ಚಪಾತಿ ತಿನ್ನುವವರಿಗೆ ಒಂದು ಕಾಲಂ, ಪೇಟೆಯವರಿಗೆ ಬ್ರೆಡ್ಡಿನ ಕಾಲಂ, ಚಹಾಕ್ಕೆ ಅದ್ದುವವರಿಗೆ ಬಿಸ್ಕತ್ತಿನ ಕಾಲಂ. ಹಳದಿ ಬಣ್ಣ ಎಷ್ಟಿದೆ ಎಂದು ನೋಡಿ ಪಾಸ್ತಾಕ್ಕೂ ಒಂದು ವ್ಯವಸ್ಥೆ ಮಾಡಿದಿರಿ. ಇಟಲಿಯವರ ಹೊಟ್ಟೆಯ ಚಿಂತೆ ಮಾಡಿದಿರಿ! ಹುಗ್ಗಿ, ಮಾದಲಿ, ಸಜ್ಜಕ, ಶಾವಿಗೆ ಉಣ್ಣುವ ನಾವು ನಿಮಗೆ ಹೊಟ್ಟೆಯೇ ಇಲ್ಲದವರು. ಇದನ್ನು ನಗೆಯ ಮಾತಾಗಿ ಬರೆಯಬೇಕೆಂದು ಕೂತೆ, ಆಗುತ್ತಿಲ್ಲ. ಸಿಟ್ಟು ಬಂದಿದೆ.

ಕೆನಡಾದ ಚಾರ್ಲ್ಸ್ ಸೌಂಡರ್ಸ್ ಎಂಬ ತಳಿ ಪಂಡಿತರು ಸುಮಾರು 120 ವರ್ಷಗಳ ಹಿಂದೆ ಮಾರ್ಕ್ವಿಸ್ ಗೋಧಿಯನ್ನು ಆರಿಸಿದ್ದು ಹೇಗೆ ಬಲ್ಲಿರಾ? ಕಾಳು ಬಾಯಿಗೆ ಹಾಕಿ ಅಗಿದು. ಅಂಟು ಹೇಗೆ ಬರುತ್ತದೆಂದು ಹಲ್ಲಿನಿಂದಲೇ ನೋಡುತ್ತಿದ್ದರು. ಆಮೇಲೆ ಆ ಗೋಧಿ ಕೆನಡಾದ ಬಯಲನ್ನೇ ಆಳಿತು. ಯಂತ್ರ ತರಿಸಲು ಟೆಂಡರ್ ಕರೆಯಬೇಕು ಎನ್ನುವುದಾದರೆ ಹಲ್ಲಿರುವ ಒಬ್ಬರನ್ನು ಕಳಿಸಿ. ಗಿರಣಿ ವಿದ್ಯೆ ಕಲಿಸುವ ಅಂತರರಾಷ್ಟ್ರೀಯ ಶಾಲೆ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲೇ ಇದೆ, ಅಲ್ಲಿಂದಲೂ ಕರೆಸಬಹುದು. ಕುದಿಸಿದ ಮೇಲೆ ಕಾಳು ಎಷ್ಟು ಉಬ್ಬಿತು, ಎಷ್ಟು ಒಡೆಯಿತು, ಬೆಲ್ಲ ಎಷ್ಟು ಹಿಡಿಯಿತು, ಮರುದಿನಕ್ಕೆ ಹೇಗಾಯಿತು, ಇವನ್ನು ಅಳೆಯುವುದು ಬ್ರೆಡ್ಡಿನ ಸುತ್ತ ಕಾಳು ಸುರಿಯುವುದಕ್ಕಿಂತ ಕಷ್ಟದ ಕೆಲಸವೇನಲ್ಲ. ಉಳಿದ ಹುಗ್ಗಿಯನ್ನು ಸಿಬ್ಬಂದಿ ತಿನ್ನಬಹುದು. ಬ್ರೆಡ್ ಆಗ್ತದೇನ್ರಿ ಎಂದು ಕೇಳಿದವರಿಗೆ ಒಂದು ಸೌಟು ಹೆಚ್ಚಿಗೆ ಬಡಿಸಿ, ನನ್ನ ಅಡ್ಡಿಯಿಲ್ಲ.

ಕೊನೆಗೆ ಒಂದು ವ್ಯವಹಾರದ ಮಾತು. ನನ್ನ ಅರ್ಜಿಯನ್ನು ಯಾವ ಕಪಾಟಿನಲ್ಲಾದರೂ ಇಟ್ಟುಕೊಳ್ಳಿ. ಚೀಲವನ್ನು ಮಾತ್ರ ಬೇಗ ಹಿಂದಕ್ಕೆ ಕಳಿಸಿ. ಅದು ಮಾದರಿಯಲ್ಲ, ಬೀಜ. ಹಿಂಗಾರಿ ಬಂತು, ಕೂರಿಗೆ ಹೊರಗೆ ತೆಗೆದಾಗಿದೆ. ತೂಕ ಮಾಡಿಯೇ ತಂದಿದ್ದೇನೆ, ಹಿಂದಕ್ಕೆ ಬಂದಾಗಲೂ ತೂಗುತ್ತೇನೆ.

ಇಂತಿ ನಿಮ್ಮ ವಿಧೇಯ,
ಬ್ರೆಡ್ ಆಗದ ಗೋಧಿಯ ಒಬ್ಬ ರೈತ