ಬೇಸಿಗೆಯ ಸಾಂಟಾಕ್ಲಾಸ್

ಮೆಲ್ಬರ್ನಿನಲ್ಲಿ ಕ್ರಿಸ್‌ಮಸ್ ಬರುವುದು ಬೇಸಿಗೆಯಲ್ಲಿ. ಡಿಸೆಂಬರಿನ ಕೆಲವು ದಿನ ಬಿಸಿಲು 40 ಡಿಗ್ರಿ ಮುಟ್ಟುವುದೂ ಉಂಟು. ಅಲಂಕಾರ ಮಾತ್ರ ಉತ್ತರ ಧ್ರುವದ್ದೇ. ಅಂಗಡಿಯ ಗಾಜಿಗೆ ಸುಳ್ಳು ಹಿಮ ಸಿಂಪಡಿಸಿರುತ್ತಾರೆ, ಒಣಗಿದ ಹುಲ್ಲಿನಲ್ಲಿ ತಂತಿಯ ಹಿಮಸಾರಂಗ ನಿಂತಿರುತ್ತದೆ. ಇದಕ್ಕೆ ಊರಿನವರು ಕಂಡುಕೊಂಡ ರಾಜಿಯೆಂದರೆ ಚಡ್ಡಿ ತೊಟ್ಟ ಸಾಂಟಾ ಮತ್ತು ಅವನ ಗಾಡಿ ಎಳೆಯುವ ಕಾಂಗರೂಗಳು. ಕಾರುಗಳಿಗೂ ಬಿಡುಗಡೆಯಿಲ್ಲ: ಕಿಟಕಿಗಳಿಗೆ ಕೊಂಬು, ಮುಂದೆ ಕೆಂಪು ಮೂಗು.

ಗಾಳಿ ತುಂಬುವ ಸಾಂಟಾನ ಪಾಡು ಬೇರೆ. ಹಗಲು ಫ್ಯಾನ್ ಆರಿಸಿರುವುದರಿಂದ ಅವನು ಅಂಗಳದಲ್ಲಿ ಮಕಾಡೆ ಬಿದ್ದಿರುತ್ತಾನೆ. ಊರಿಂದ ಬಂದ ಮಾವನವರು ಬೆಳಗಿನ ವಾಕಿಂಗಿನಲ್ಲಿ ಕಂಡು, “ಪಾಪ, ರಾತ್ರಿ ಜಾಸ್ತಿಯಾಗಿರಬೇಕು” ಎನ್ನುತ್ತಾರೆ. ಸಂಜೆ ಫ್ಯಾನ್ ಹಾಕಿದರೆ ಮೊದಲು ಹೊಟ್ಟೆ ಉಬ್ಬುತ್ತದೆ, ಆಮೇಲೆ ಒಂದು ಕೈ ಮೇಲೇಳುತ್ತದೆ, ತಲೆ ಎಲ್ಲಕ್ಕಿಂತ ಕೊನೆಗೆ.

ನಗರದ ನಡುವೆ, ಬರ್ಕ್ ಬೀದಿಯ ಮೈಯರ್ ಮಳಿಗೆ 1956ರಿಂದ, ಅಂದರೆ ಇಲ್ಲಿ ಒಲಿಂಪಿಕ್ಸ್ ನಡೆದ ವರ್ಷದಿಂದ, ತನ್ನ ಕಿಟಕಿಗಳಲ್ಲಿ ಗೊಂಬೆಗಳಿಂದ ಕಥೆ ಹೇಳಿಸುತ್ತಿದೆ. ದಸರೆಗೆ ಗೊಂಬೆ ಕೂರಿಸಿದ ಅಜ್ಜಿಯರು ಎಲ್ಲವನ್ನೂ ನೋಡಿ ಮುಗಿಸಿ, ಪಟ್ಟದ ಗೊಂಬೆ ಎಲ್ಲಿ ಎಂದು ವಿಚಾರಿಸುತ್ತಾರೆ.

ದೀಪಾಲಂಕಾರಕ್ಕೆ ಕತ್ತಲೆ ಬೇಕು. ಇಲ್ಲಿನ ತೊಂದರೆಯೇ ಅದು. ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ 8.40ರ ಮೇಲೆ. ಐವಾನ್‌ಹೋ ಬಡಾವಣೆಯ ದಿ ಬುಲೆವಾರ್ಡ್ ರಸ್ತೆಯ ಮನೆಗಳ ದೀಪ ನೋಡಲು ಆರಕ್ಕೇ ಹೊರಟ ಕನ್ನಡ ಕುಟುಂಬದ ಡಬ್ಬಿಯ ಪುಳಿಯೋಗರೆ ಬೆಳಕಿರುವಾಗಲೇ ಖಾಲಿಯಾಗುತ್ತದೆ. ದೀಪ ಹೊತ್ತುವ ಹೊತ್ತಿಗೆ, ಯಾರ ಸಲುವಾಗಿ ಬಂದದ್ದೋ ಆ ಮಕ್ಕಳು ಹಿಂದಿನ ಸೀಟಿನಲ್ಲಿ ಗಾಢನಿದ್ದೆಯಲ್ಲಿರುತ್ತಾರೆ.

ಟಾರ್ನೀಟ್, ಪಾಯಿಂಟ್ ಕುಕ್ ಕಡೆಯ ಕನ್ನಡಿಗರ ಮನೆಗಳದು ಪ್ರತ್ಯೇಕ ಶೈಲಿ. ಅಲ್ಲಿ ಮಿನುಗುವುದು ದೀಪಾವಳಿಗೆ ಕಟ್ಟಿದ ಸೀರಿಯಲ್ ಸೆಟ್. “ರೀ, ಅದನ್ನ ಬಿಚ್ಚಿ ಇಡ್ರೀ” ಎಂಬ ಮಾತು ನವೆಂಬರ್ ಪೂರ್ತಿ ಕೇಳಿಬಂದರೂ, “ಮತ್ತೆ ಕಟ್ಟಬೇಕಲ್ಲ” ಎಂಬ ಉತ್ತರಕ್ಕೆ ಎದುರುತ್ತರವಿಲ್ಲ. ಸರ್ವಧರ್ಮ ಸಮನ್ವಯಕ್ಕೆ ಸೋಮಾರಿತನದಷ್ಟು ದುಡಿದದ್ದು ಇನ್ನೊಂದಿರಲಾರದು. ಬಾಗಿಲಲ್ಲಿ ಪ್ಲಾಸ್ಟಿಕ್ ಮಾವಿನ ತೋರಣ, ಅದರ ಕೆಳಗೆ ಸೂಪರ್ ಮಾರ್ಕೆಟ್ಟಿನ ಕ್ರಿಸ್‌ಮಸ್ ಹಾರ. ಒಳಗೆ ಮರದ ತುದಿಯಲ್ಲಿ, ನಕ್ಷತ್ರ ಕಳೆದುಹೋದ ಕಾರಣ, ಆಕಾಶಬುಟ್ಟಿ.

ವಾಡಿಕೆಯಂತೆ ಅಲಂಕಾರವೆಲ್ಲ ಜನವರಿ 6ರ ಹೊತ್ತಿಗೆ ಇಳಿಯಬೇಕು. ಅಕ್ಕಪಕ್ಕದವರು ಏಣಿ ಹಾಕಿ ಇಳಿಸುತ್ತಾರೆ. ಕನ್ನಡಿಗರ ಮನೆಯ ದೀಪ ಉರಿಯುತ್ತಲೇ ಇರುತ್ತದೆ. ಮುಂದಿನ ವಾರ ಹೇಗೂ ಸಂಕ್ರಾಂತಿ.