ಹಸಿರು ಬೋರ್ಡಿಗೊಂದು ಜೊತೆ

2001ರಲ್ಲಿ ಬೆಂಗಳೂರಿನ ರಸ್ತೆಗೆ ರೇವಾ ಎಂಬ ಎಲೆಕ್ಟ್ರಿಕ್ ಕಾರು ಇಳಿದಾಗ, ಅದಕ್ಕೆ ಜೊತೆಯಾಗಿ ಯಾವ ಕಾರು ಎಂಬ ಪ್ರಶ್ನೆಯೇ ಹುಟ್ಟಿರಲಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಓಡುತ್ತಿದ್ದ, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕಾಲು ಮಡಚಿಕೊಂಡು ಕೂರುತ್ತಿದ್ದ ಆ ಪುಟ್ಟ ಗಾಡಿಯೇ ಮನೆಯ ಎರಡನೇ ಕಾರು. ಪೋರ್ಟಿಕೋದಲ್ಲಿ ಪೆಟ್ರೋಲ್ ಕಾರು ಯಜಮಾನನ ಗತ್ತಿನಲ್ಲಿ ನಿಂತಿರುತ್ತಿತ್ತು, ರೇವಾಕ್ಕೆ ಉಳಿದ ಮೂಲೆ. ಈಗ ಕಾಲ ತಿರುಗಿದೆ. ಆಫೀಸು, ಸ್ಕೂಲು, ತರಕಾರಿ, ಬೀಗರ ಮನೆ ಎಲ್ಲಕ್ಕೂ ಹಸಿರು ಬೋರ್ಡಿನ ಎಲೆಕ್ಟ್ರಿಕ್ ಗಾಡಿಯೇ ಮುಂದು. ಅದಕ್ಕೆ ಜೊತೆಯಾಗಿ ಇನ್ಯಾವ ಕಾರು ಕೊಳ್ಳೋಣ ಎಂದು ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ‘ಊರಿಗೆ ಹೋಗೋಕೆ ಒಂದು ಗಾಡಿ ಬೇಕಲ್ವಾ’ ಎಂದು ಶುರುವಾದ ಚರ್ಚೆ ಏಳು ಸೀಟಿನ ಡೀಸೆಲ್ ಗಾಡಿಯ ಟೆಸ್ಟ್ ಡ್ರೈವಿಗೆ ಬಂದು ನಿಲ್ಲುತ್ತದೆ. ನಾನು ಹೇಳುವುದು ಇಷ್ಟೇ: ಎಲೆಕ್ಟ್ರಿಕ್ ಕಾರಿಗೆ ಒಪ್ಪುವ ಎರಡನೇ ಕಾರು ಯಾವ ಶೋರೂಮಿನಲ್ಲೂ ಇಲ್ಲ. ಎಕ್ಸ್‌ಚೇಂಜ್ ಬೋನಸ್ಸಿನ ಆಸೆಗೆ ಬಿದ್ದು ಕೊಟ್ಟುಬಿಡಲು ಹೊರಟಿದ್ದೀರಲ್ಲ, ಆ ಹತ್ತು ವರ್ಷದ ವ್ಯಾಗನ್‌ಆರೋ ಆಲ್ಟೋವೋ, ಅದೇ ಆ ಕಾರು. ಕೊಡಬೇಡಿ.

ಇದು ಹಳೇ ವಸ್ತುಗಳ ಮೇಲಿನ ಮೋಹದಿಂದ ಬಂದ ಮಾತಲ್ಲ. ಎರಡೂ ಬಗೆಯ ಗಾಡಿಗಳ ಗುಣಾವಗುಣ ನೋಡಿ. ಪೆಟ್ರೋಲ್ ಎಂಜಿನ್ನಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಎಂದರೆ ಶಿಕ್ಷೆ. ಫಸ್ಟ್ ಗೇರಿನಲ್ಲಿ ತೆವಳುತ್ತಾ, ನಿಂತಲ್ಲೇ ಉರಿಯುತ್ತಾ, ಬ್ರೇಕ್ ಒತ್ತಿದಾಗಲೆಲ್ಲ ಸಂಪಾದಿಸಿದ ವೇಗವನ್ನು ಬಿಸಿಯಾಗಿ ಗಾಳಿಗೆ ತೂರುತ್ತಾ ಅದು ತನ್ನ ಮೈಲೇಜಿನ ಮಾನ ಕಳೆದುಕೊಳ್ಳುತ್ತದೆ. ಎಲೆಕ್ಟ್ರಿಕ್ ಕಾರು ಅದೇ ಜಾಮಿನಲ್ಲಿ ಸುಖವಾಗಿರುತ್ತದೆ. ನಿಂತಾಗ ಎಸಿ ಬಿಟ್ಟರೆ ಹೆಚ್ಚಿನ ಖರ್ಚಿಲ್ಲ, ವೇಗ ತಗ್ಗಿಸಿದರೆ ಮೋಟಾರೇ ಡೈನಮೋ ಆಗಿ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಹೆದ್ದಾರಿಗೆ ಬಂದರೆ ಆಟ ಉಲ್ಟಾ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಬ್ರೇಕಿನಿಂದ ವಾಪಸು ಬರುವ ಆದಾಯವೂ ನಿಂತುಹೋಗುತ್ತದೆ. 2020ರಲ್ಲಿ ಬಂದ ನೆಕ್ಸಾನ್ ಇವಿಯ ಕಾಗದದ ಮೇಲಿನ 312 ಕಿಲೋಮೀಟರ್, ರಸ್ತೆಯಲ್ಲಿ 200ರ ಆಸುಪಾಸಿಗೆ ಇಳಿಯುತ್ತಿದ್ದುದು ಇದೇ ಕಾರಣಕ್ಕೆ. ಹಳೇ ಪೆಟ್ರೋಲ್ ಕಾರಾದರೋ, ಐದನೇ ಗೇರಿಗೆ ಬಿದ್ದು 80ರಲ್ಲಿ ಓಡತೊಡಗಿದರೆ ಪ್ರಾಯ ಮರಳಿದಂತೆ ಆಡುತ್ತದೆ. ಒಂದರ ಕಷ್ಟದ ಜಾಗವೇ ಇನ್ನೊಂದರ ತವರು. ಇದಕ್ಕಿಂತ ಒಳ್ಳೆಯ ಜೋಡಿಯನ್ನು ಯಾವ ಜೋಯಿಸರೂ ಕೂಡಿಸಲಾರರು.

ಖರ್ಚಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಊರೊಳಗೆ 100 ಕಿಲೋಮೀಟರ್ ಓಡಲು ಎಲೆಕ್ಟ್ರಿಕ್ ಕಾರಿಗೆ ಸುಮಾರು 15 ಯೂನಿಟ್ ಬೇಕು. ಮನೆಯ ದರದಲ್ಲಿ ನೂರು ರೂಪಾಯಿಯ ಸುತ್ತಮುತ್ತ ಮುಗಿಯುವ ಬಾಬತ್ತು. ಲೀಟರಿಗೆ ನೂರು ದಾಟಿರುವ ಪೆಟ್ರೋಲಿನಲ್ಲಿ, ಟ್ರಾಫಿಕ್ಕಿನಲ್ಲಿ 12 ಕೊಡುವ ಕಾರಿಗೆ ಅಷ್ಟೇ ದೂರಕ್ಕೆ 800ಕ್ಕೂ ಮೇಲೆ. ನಡುವೆ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಧರ್ಮಸಂಕಟ ಒಂದಿದೆ. ತಿಂಗಳಿಗೆ 1000 ಕಿಲೋಮೀಟರ್ ಓಡಿಸಿ ಅದೇ ಮೀಟರಿನಲ್ಲಿ ಚಾರ್ಜ್ ಮಾಡಿದರೆ ಕಾರೊಂದೇ 150 ಯೂನಿಟ್ ಕುಡಿಯುತ್ತದೆ. ಒಟ್ಟು 200 ದಾಟಿದರೆ ಸೊನ್ನೆ ಬಿಲ್ಲಿನ ಭಾಗ್ಯ ಹೋಯಿತು, ಪೂರ್ತಿ ಕಟ್ಟಬೇಕು. ಆಗ ಮನೆಯ ಹಿರಿಯರು ಗೀಸರ್ ಸ್ವಿಚ್ಚಿನ ಮೇಲೆ ಕಣ್ಣಿಡುತ್ತಾರೆ, ಕಾರಿನ ಮೇಲಲ್ಲ. ಕಟ್ಟಿದರೂ ಅದು ಪೆಟ್ರೋಲಿಗಿಂತ ಅಗ್ಗವೇ ಎಂದು ಅವರಿಗೆ ವಿವರಿಸುವ ಧೈರ್ಯ ಬೇಕಷ್ಟೆ. ಒಟ್ಟಿನಲ್ಲಿ ದಿನದ ಓಡಾಟವೆಲ್ಲ ಎಲೆಕ್ಟ್ರಿಕ್ ಕಾರಿನದು. ಎರಡನೇ ಕಾರಿಗೆ ಉಳಿಯುವುದು ವರ್ಷದಲ್ಲಿ ಕೆಲವೇ ದಿನದ ಕೆಲಸ. ಆ ಕೆಲಸ ಏನು ಎಂದು ಮೊದಲು ಕೇಳಿಕೊಳ್ಳದೆ ಗಾಡಿ ಆರಿಸಲು ಹೊರಡುವುದರಿಂದಲೇ ದುಬಾರಿ ತಪ್ಪುಗಳಾಗುತ್ತವೆ.

ಕೆಲಸ ಎಂದರೆ ಊರು. ಬೆಂಗಳೂರಿನಿಂದ ಶೃಂಗೇರಿ ಕಡೆಗೆ 300 ಕಿಲೋಮೀಟರಿಗೂ ಮೇಲೆ, ಶಿರಸಿ ಇನ್ನೂ ದೂರ. ದಾರಿಯಲ್ಲಿ ಚಾರ್ಜರ್ ಇಲ್ಲವೆಂದಲ್ಲ, ಇದೆ. ದೀಪಾವಳಿಯ ಹಿಂದಿನ ದಿನ ಅದರ ಮುಂದೆ ಇನ್ನೂ ನಾಲ್ಕು ಗಾಡಿಗಳೂ ಇವೆ. ಒಂದೊಂದಕ್ಕೆ ಮುಕ್ಕಾಲು ಗಂಟೆ. ‘ನಿಮ್ದು ಎಷ್ಟು ಪರ್ಸೆಂಟ್ ಆಯ್ತು?’ ಎಂಬುದೇ ಅಲ್ಲಿ ಕುಶಲಪ್ರಶ್ನೆ. ‘ಅರವತ್ತಕ್ಕೆ ತೆಗೀತೀನಿ’ ಎಂದವನು ತೊಂಬತ್ತಾದರೂ ಹೋಟೆಲಿನಿಂದ ಹೊರಗೆ ಬರುವುದಿಲ್ಲ. ಹೇಗೋ ಊರು ಮುಟ್ಟಿದರೆ ಅಲ್ಲಿನ ಹಳೇ ಮನೆಯಲ್ಲಿ ಮೋಟಾರಿಗೆಂದು ಹಾಕಿಸಿದ 15 ಆಂಪಿಯರ್ ಪ್ಲಗ್ ಒಂದಿರುತ್ತದೆ. ಮೂರು ತೂತುಗಳೂ ಇರುತ್ತವೆ. ಮೇಲಿನ ತೂತಿಗೆ ವೈರ್ ಎಳೆದು ನೆಲದವರೆಗೆ ಮುಟ್ಟಿಸಿದವರು ಮಾತ್ರ ಯಾರೂ ಇಲ್ಲ. ಅರ್ತಿಂಗ್ ಇಲ್ಲವೆಂದು ಚಾರ್ಜರ್ ಕೆಂಪು ದೀಪ ತೋರಿಸಿ ಕೂರುತ್ತದೆ. ಅದೇ ಪ್ಲಗ್ಗಿನಲ್ಲಿ ನಲವತ್ತು ವರ್ಷದಿಂದ ರುಬ್ಬಿಕೊಂಡು ಬಂದಿರುವ ದೊಡ್ಡಮ್ಮ ‘ನಮ್ಮ ಗ್ರೈಂಡರಿಗೆ ಇಲ್ಲದ ತಕರಾರು ಇದಕ್ಯಾಕೆ’ ಎಂದರೆ ಉತ್ತರವಿಲ್ಲ. ಅರ್ತಿಂಗ್ ಇದ್ದರೂ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಇರಬೇಕಲ್ಲ. ಇವೆಲ್ಲ ಹಬ್ಬದ ಮಾತಾಯಿತು, ಹಬ್ಬದ ತಾರೀಕು ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ನಿಜವಾದ ದೂರಪ್ರಯಾಣ ಹೇಳಿ ಬರುವುದಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ, ಅತ್ತ ಕಡೆಯವರು ವಿಷಯವನ್ನೇ ಹೇಳದೆ ‘ಹೊರಟು ಬಂದ್ಬಿಡಿ’ ಎನ್ನುತ್ತಾರೆ. ಬ್ಯಾಟರಿಯಲ್ಲಿ 22 ಪರ್ಸೆಂಟ್ ಇರುತ್ತದೆ. ಆ ಹೊತ್ತಿಗೆ ಬೇಕಾದದ್ದು ಐದು ನಿಮಿಷದಲ್ಲಿ ಹೊಟ್ಟೆ ತುಂಬಿಕೊಂಡು ಹೊರಡುವ ಗಾಡಿ. ಅದಕ್ಕೆ ಸನ್‌ರೂಫ್ ಬೇಕಿಲ್ಲ.

ಹಾಗಾದರೆ ದೊಡ್ಡ ಗಾಡಿಯೇ ಬರಲಿ, ಎಲ್ಲರೂ ಆರಾಮಾಗಿ ಹೋಗಬಹುದಲ್ಲ ಎನ್ನುವವರಿಗೆ ಕರ್ನಾಟಕದ ರಸ್ತೆ ತೆರಿಗೆಯ ಪಟ್ಟಿಯನ್ನು ತೋರಿಸಬೇಕು. 20 ಲಕ್ಷ ದಾಟಿದ ಡೀಸೆಲ್ ಗಾಡಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಅಂದರೆ 3.6 ಲಕ್ಷಕ್ಕೂ ಹೆಚ್ಚು. ಆ ತೆರಿಗೆಯ ದುಡ್ಡಿಗೇ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಬರುತ್ತದೆ, ಇನ್ಶೂರೆನ್ಸೂ ಸೇರಿ. ವರ್ಷಕ್ಕೊಮ್ಮೆ ಸತ್ಯನಾರಾಯಣ ಪೂಜೆಗೆ ನೂರು ಜನ ಊಟಕ್ಕೆ ಬರುತ್ತಾರೆಂದು ದಿನವೂ ಕೊಪ್ಪರಿಗೆಯಲ್ಲಿ ಅನ್ನಕ್ಕಿಡುವವರನ್ನು ನಾವು ಕಂಡಿಲ್ಲ. ಗಾಡಿಯ ವಿಷಯಕ್ಕೆ ಬಂದಾಗ ಮಾತ್ರ ಬುದ್ಧಿವಂತರೂ ಹಾಗೇ ಮಾಡುತ್ತಾರೆ. ಹೊಸದರ ಕಷ್ಟ ಇನ್ನೂ ಒಂದಿದೆ: ಅದನ್ನು ಊರಿಗೆ ಒಯ್ಯಲು ಮನಸ್ಸು ಬರುವುದಿಲ್ಲ. ಹಳೇ ಕಾರಿನ ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ, ಬಾಳೆಗೊನೆ, ಮೇಣ ಸುರಿಸುವ ಹಲಸಿನಹಣ್ಣು, ಬಟ್ಟೆ ಕಟ್ಟಿದ ಉಪ್ಪಿನಕಾಯಿ ಭರಣಿ ನಿಶ್ಚಿಂತೆಯಿಂದ ಬರುತ್ತವೆ. ಬಾಗಿಲಿಗೆ ಗೀರು ಬಿದ್ದರೆ ಅದರ ಪಕ್ಕದಲ್ಲಿ ಹಳೇ ಗೀರೊಂದು ಜೊತೆಗಿರುತ್ತದೆ.

ಆಕ್ಷೇಪಗಳು ಇಲ್ಲದಿಲ್ಲ. ಪರಿಸರಕ್ಕೆಂದು ಎಲೆಕ್ಟ್ರಿಕ್ ಕೊಂಡು ಹೊಗೆ ಉಗುಳುವ ಹಳೇ ಗಾಡಿಯನ್ನೂ ಇಟ್ಟುಕೊಳ್ಳುವುದು ಬೂಟಾಟಿಕೆಯಲ್ಲವೇ? ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 1500 ಕಿಲೋಮೀಟರ್ ಓಡಿದರೆ 100 ಲೀಟರ್, ಅಂದರೆ 230 ಕಿಲೋ. ಹೊಸ ಕಾರು ಕಾರ್ಖಾನೆಯ ಗೇಟು ದಾಟುವ ಮುಂಚೆಯೇ ಟನ್ನುಗಟ್ಟಲೆ ಉಗುಳಿಸಿರುತ್ತದೆ. ಹಳೆಯದರ ಆ ಪಾಪ ಎಂದೋ ಸಂದಾಯವಾಗಿದೆ. ನಿಂತ ಗಾಡಿ ಕೆಡುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಬ್ಯಾಟರಿ ಇಳಿಯುತ್ತದೆ, ಟಯರು ಕೂತಲ್ಲೇ ಚಪ್ಪಟೆಯಾಗುತ್ತದೆ, ಶೇ 20 ಎಥನಾಲ್ ಬೆರೆತ ಪೆಟ್ರೋಲು ತಿಂಗಳುಗಟ್ಟಲೆ ನಿಂತರೆ ತೇವ ಹೀರುತ್ತದೆ, ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡಿ ವೈರು ಕಡಿಯುತ್ತದೆ. ಹೊಗೆಸೊಪ್ಪು ಕಟ್ಟಿದರೆ ಇಲಿ ಬರುವುದಿಲ್ಲ ಎನ್ನುತ್ತಾರೆ. ಇಲಿಗಳು ಇದನ್ನು ಒಪ್ಪಿದಂತೆ ಕಾಣುವುದಿಲ್ಲ. ಪರಿಹಾರ ಸುಲಭ. ವಾರಕ್ಕೊಮ್ಮೆ ಅದನ್ನು ತೆಗೆದು ಹೊರವಲಯದವರೆಗೆ ಒಂದು ಸುತ್ತು ಹೋಗಿಬರಬೇಕು. ಇದು ಗಾಡಿಗಿಂತ ಹೆಚ್ಚಾಗಿ ಓಡಿಸುವವರಿಗೆ ಬೇಕಾದ ಔಷಧಿ. ಆರು ತಿಂಗಳು ಎಲೆಕ್ಟ್ರಿಕ್ ಕಾರಿನಲ್ಲೇ ಕೂತವರ ಎಡಗಾಲು ನಿವೃತ್ತಿ ತೆಗೆದುಕೊಂಡಿರುತ್ತದೆ. ಕ್ಲಚ್ಚು ಮರೆತು ಹೆಬ್ಬಾಳದ ಫ್ಲೈಓವರ್ ಏರಿನಲ್ಲಿ ಆಫ್ ಮಾಡಿಕೊಳ್ಳುತ್ತಾರೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಾಡಿ ತಾನೇ ನಿಂತೀತೆಂದು ನಂಬಿ ಮುಂದಿನ ಆಟೋದ ಹಿಂಬರಹವನ್ನು ತೀರಾ ಹತ್ತಿರದಿಂದ ಓದುವವರೂ ಉಂಟು. 15 ವರ್ಷ ತುಂಬಿದಾಗ ಆರ್‌ಸಿ ನವೀಕರಣಕ್ಕೆ ಸಾವಿರಗಟ್ಟಲೆ ಶುಲ್ಕ ಕಟ್ಟಬೇಕು, ನಿಜ. ಹೊಸ ಗಾಡಿಯ ಒಂದು ತಿಂಗಳ ಕಂತಿಗೂ ಅದು ಸಮವಾಗದು.

ಉದ್ದ ಓಡುವ ಎಲೆಕ್ಟ್ರಿಕ್ ಕಾರನ್ನೇ ಕೊಂಡರೆ? ಕಾಗದದ ಮೇಲೆ 600 ಕಿಲೋಮೀಟರ್ ದಾಟುವ ಗಾಡಿಗಳು ಈಗ ಬಂದಿವೆ, ಅಷ್ಟು ಹಣವಿದ್ದವರಿಗೆ ಈ ಪ್ರಬಂಧ ಬೇಕಾಗಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಒಂದೇ ಪಾರ್ಕಿಂಗ್ ಇದ್ದವರ ಮುಂದೆ ಮಾತ್ರ ನನ್ನ ವಾದ ಸೋಲುತ್ತದೆ. ಚಾರ್ಜರ್ ಇರುವ ಜಾಗ ಎಲೆಕ್ಟ್ರಿಕ್‌ಗೆ ಮೀಸಲು, ಹಳೆಯದನ್ನು ರಸ್ತೆಯಲ್ಲಿ ನಿಲ್ಲಿಸಿದರೆ ಎದುರು ಮನೆಯವರ ಜೊತೆ ಹಗೆ. ಅಂಥವರು ಹಳೇ ಗಾಡಿಯನ್ನು ಮಾರಿ, ಬೇಕಾದಾಗ ಹಳದಿ ಬೋರ್ಡಿನ ಇನ್ನೋವಾ ಕರೆಸಿಕೊಳ್ಳುವುದೇ ಸರಿ. ಮನೆಮಂದಿಯನ್ನೆಲ್ಲ ಅದು ಹೊರುತ್ತದೆ. ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂಬ ಲೆಕ್ಕ, ಟೋಲ್ ಬೇರೆ, ಡ್ರೈವರ್ ಬಾಟಾ ಬೇರೆ. ಇಷ್ಟೆಲ್ಲ ಕೊಟ್ಟ ಮೇಲೂ ಹಾಸನದ ಆಚೆ ಊಟಕ್ಕೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಡ್ರೈವರೇ ತೀರ್ಮಾನಿಸುತ್ತಾನೆ. ಆ ಹೋಟೆಲಿನಲ್ಲಿ ಅವನ ಊಟಕ್ಕೆ ಬಿಲ್ ಆಗುವುದಿಲ್ಲ.